ಮೀನಾಕ್ಷಮ್ಮನ ಹನ್ನೊಂದು ತಿಂಗಳು

ಸಭೆಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ವೈದ್ಯ ಮಹನೀಯರೇ, ಸಕಲೇಶಪುರ ಮತ್ತು ಆಲೂರಿನ ಔಷಧ ವ್ಯಾಪಾರಿ ಬಂಧುಗಳೇ, ಸಭಿಕರೇ,

ಔಷಧ ಕಂಪನಿಯ ಪ್ರತಿನಿಧಿಯಾಗಿ ಮೂವತ್ತೊಂದು ವರ್ಷ ಡಾಕ್ಟರ ಬಾಗಿಲಲ್ಲಿ ನಿಂತು ಎರಡು ನಿಮಿಷದಲ್ಲಿ ಮಾತು ಮುಗಿಸಿದವನು ನಾನು. ಇಂದು ಈ ಬೀಳ್ಕೊಡುಗೆಯಲ್ಲಿ ಹತ್ತು ನಿಮಿಷ ಕೊಟ್ಟಿದ್ದೀರಿ. ಇಷ್ಟು ಹೊತ್ತು ಯಾರೂ ನನ್ನನ್ನು ಸಹಿಸಿಕೊಂಡಿರಲಿಲ್ಲ.

ಅಧ್ಯಕ್ಷರು ನನ್ನನ್ನು ಹೊಗಳುತ್ತಾ, "ಲಿಂಗಪ್ಪನವರು ಎಂದೂ ತಮ್ಮ ಕಂಪನಿಯ ಬಗ್ಗೆ ಕೆಟ್ಟ ಮಾತಾಡಿದವರಲ್ಲ" ಎಂದರು. ನಿಜ. ಆಡಿಲ್ಲ. ಆಡಬೇಕಾದಾಗಲೂ ಆಡಲಿಲ್ಲ. ನನಗೆ ದಣಿವಾಗಿದೆ, ಆದ್ದರಿಂದ ಸುತ್ತಿ ಬಳಸದೆ ಹೇಳಿಬಿಡುತ್ತೇನೆ.

ಎಂಟು ವರ್ಷದ ಹಿಂದಿನ ಮಾತು. ಯಸಳೂರಿನಲ್ಲಿ ಔಷಧದ ಅಂಗಡಿ ಇಟ್ಟಿರುವ ಪಂಕಜಾಕ್ಷಿಯವರು ನನ್ನನ್ನು ತಡೆದು ನಿಲ್ಲಿಸಿದರು. ನಮ್ಮ ಕಂಪನಿಯ ಗ್ಯಾಸ್ಟ್ರಿಕ್ ಮಾತ್ರೆ ಆಗ ಇಡೀ ತಾಲ್ಲೂಕಿನಲ್ಲಿ ಓಡುತ್ತಿತ್ತು. ಓಡಿಸುತ್ತಿದ್ದವನು ನಾನೇ.

"ಲಿಂಗಪ್ಪೋರೆ, ಈ ಮಾತ್ರೆ ದಿನಾ ತಗೊಳೋ ಮೂರು ಜನಕ್ಕೆ ಕೈ ನಡುಗ್ತಾ ಐತೆ. ನಿಮ್ಮ ಕಂಪನೀಗೆ ಗೊತ್ತೈತಾ?"

"ವಯಸ್ಸಾದ್ಮೇಲೆ ನಡುಗುತ್ತೆ ಕಣ್ರೀ" ಎಂದೆ.

"ಹೆಗ್ಗದ್ದೆ ಮೀನಾಕ್ಷಮ್ಮಂಗೆ ಇನ್ನೂ ನಲವತ್ತಾರು" ಎಂದರು.

ಮೂವರ ವಿವರವನ್ನೂ ಒಂದು ಹಾಳೆಯಲ್ಲಿ ಬರೆದು, ಕಂಪನಿಗೆ ತಲುಪಿಸಿ ಎಂದು ನನ್ನ ಕೈಗೆ ಕೊಟ್ಟರು. ಮುಂದಿನ ಮೀಟಿಂಗಿನಲ್ಲಿ ಅದನ್ನು ಮ್ಯಾನೇಜರ್ ಮುಂದಿಟ್ಟೆ. ಅವರು ಓದಿದರು. ಆಶ್ಚರ್ಯಪಡಲಿಲ್ಲ. ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದರು. ಅದರಲ್ಲಿ ಒಂದು ಸಂಶೋಧನಾ ಲೇಖನ. ನಮ್ಮದೇ ಮಾತ್ರೆಯೊಳಗಿನ ಔಷಧ, ಅದೇ ನಡುಕ. ಕಂಪನಿಯವರು ಓದಿ ಎರಡು ವರ್ಷವಾಗಿತ್ತು.

"ಹಾಗಾದ್ರೆ ಡಾಕ್ಟರಿಗೆ ಹೇಳೋದಾ ಸಾರ್?" ಎಂದು ಕೇಳಿದೆ.

"ಅವರು ಕೇಳಿದ್ರೆ ಹೇಳಿ" ಎಂದರು.

ಯಾರು ಕೇಳುತ್ತಾರೆ, ಸಭಿಕರೇ? ಕೇಳಬೇಕಾದರೆ ಮೊದಲು ಅನುಮಾನ ಬರಬೇಕಲ್ಲವೇ? ಅನುಮಾನ ಬಾರದಂತೆ ಮಾತಾಡುವುದೇ ನನ್ನ ಕೆಲಸವಾಗಿತ್ತಲ್ಲವೇ? ಮಗ್ಗೆಯಲ್ಲಿ ಯಾರೂ ಕೇಳಲಿಲ್ಲ. ಆಲೂರಿನಲ್ಲಿ ಕೇಳಲಿಲ್ಲ. ಇಲ್ಲಿ ಸಕಲೇಶಪುರದಲ್ಲಿಯೂ ಕೇಳಲಿಲ್ಲ. ಆಗ ನನ್ನ ಮಗಳು ಮಾನಸಾ ನರ್ಸಿಂಗ್ ಓದುತ್ತಿದ್ದಳು. ಊಟಕ್ಕೆ ಕೂತಾಗ ಅವಳ ಪಾಠದ ಬಗ್ಗೆ ಕೇಳುವುದನ್ನು ಬಿಟ್ಟೆ. ಅದನ್ನು ಯಾಕೆ ಹೇಳಿದೆನೋ ಗೊತ್ತಿಲ್ಲ.

ಪಂಕಜಾಕ್ಷಿಯವರಿಗೆ, "ಕಂಪನಿಯವರು ಪರಿಶೀಲಿಸ್ತಾ ಇದಾರೆ" ಎಂದೆ. ಮರು ತಿಂಗಳೂ ಅದನ್ನೇ ಹೇಳಿದೆ.

ಮೀನಾಕ್ಷಮ್ಮ ಎಸ್ಟೇಟ್ ಸ್ಟೋರಿನಲ್ಲಿ ಕಾಫಿ ಬೀಜ ಆರಿಸುವವರು. ಕಪ್ಪು ಬೀಜ, ಒಡೆದ ಬೀಜ ಬೇರೆ ಮಾಡಲು ಬೆರಳು ನಿಲ್ಲಬೇಕು. ಅವರ ಬೆರಳು ನಿಲ್ಲಲಿಲ್ಲ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಅವರನ್ನು ಕಣ ಗುಡಿಸುವುದಕ್ಕೆ ಹಾಕಿದರು. ಊಟದ ಹೊತ್ತಿಗೆ ಜೊತೆಯವರು ನೋಡುತ್ತಾರೆಂದು ಒಬ್ಬರೇ ಹೋಗಿ ಗೋಡೆಗೆ ಮುಖ ಮಾಡಿ ಕೂರುತ್ತಿದ್ದರಂತೆ. ನಡುಕದ ಕಾಯಿಲೆ ಎಂದು ಇನ್ನೊಂದು ಮಾತ್ರೆ ಶುರುವಾಯಿತು. ಅದೂ ನಮ್ಮ ಕಂಪನಿಯದೇ. ಅದನ್ನೂ ನಾನೇ ತಂದುಕೊಟ್ಟಿದ್ದು.

ಕೊನೆಗೆ, ನನ್ನ ಕೈಗೆ ಆ ಹಾಳೆ ಕೊಟ್ಟ ಹನ್ನೊಂದು ತಿಂಗಳಿಗೆ, ಪಂಕಜಾಕ್ಷಿಯವರು ಒಂದು ದಿನ ಅಂಗಡಿ ಮುಚ್ಚಿ, ಮೀನಾಕ್ಷಮ್ಮನನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಈ ಊರಿಗೆ ಬಂದರು. ತಾವೇ ಹುಡುಕಿ ತೆಗೆದ ಒಂದು ಲೇಖನದ ಪ್ರತಿಯನ್ನು ಡಾಕ್ಟರ ಮುಂದಿಟ್ಟರು. ಆ ಡಾಕ್ಟರು ದೊಡ್ಡ ಮನಸ್ಸಿನವರು. ಓದಿ, ಗ್ಯಾಸ್ಟ್ರಿಕ್ ಮಾತ್ರೆ ನಿಲ್ಲಿಸಿದರು. ನಾಲ್ಕು ತಿಂಗಳಲ್ಲಿ ಕೈ ಹದಕ್ಕೆ ಬಂತು. ಎಡಗೈಯ ಹೆಬ್ಬೆರಳು ಮಾತ್ರ ಇಂದಿಗೂ ಅದುರುತ್ತದೆ. ಕಂಪನಿ ಆಮೇಲೆ ಡಬ್ಬಿಯೊಳಗಿನ ಚೀಟಿಯಲ್ಲಿ ಒಂದು ಸಾಲು ಸೇರಿಸಿತು. ಓದಲು ನನಗೆ ಕನ್ನಡಕ ಸಾಲದು.

ಒಮ್ಮೆ ಆ ಅಂಗಡಿಯಲ್ಲಿ ಮೀನಾಕ್ಷಮ್ಮ ನನಗೆ ಎದುರಾದರು. "ಕಾಗದ ತಗೊಂಡು ಹೋಗಿದ್ದು ನೀವೇ ಅಂತೆ. ನಿಮ್ಗೆ ಒಳ್ಳೇದಾಗ್ಲಿ" ಎಂದು ಕೈ ಮುಗಿದರು. ನಾನು ಏನು ಮಾಡಿದೆ ಗೊತ್ತೇ? "ಇರ್ಲಿ ಬಿಡಮ್ಮ" ಎಂದು ಆ ನಮಸ್ಕಾರವನ್ನು ತೆಗೆದುಕೊಂಡೆ. ಪಂಕಜಾಕ್ಷಿಯವರು ಬಿಲ್ ಬರೆಯುತ್ತಿದ್ದರು. ನಾನು ಮುಚ್ಚಿಟ್ಟದ್ದು ಅವರಿಗೆ ಗೊತ್ತಿತ್ತು ಅಂತ ನನಗೆ ಅನ್ನಿಸುತ್ತದೆ.

ಅಂಗಡಿಯವರಲ್ಲಿ ಒಂದು ಬೇಡಿಕೆ. ಗಿರಾಕಿ ಹೇಳಿದ ತೊಂದರೆಯನ್ನು ನನ್ನಂಥವನ ಬ್ಯಾಗಿಗೆ ಹಾಕಿ ಕಳಿಸಬೇಡಿ. ಅಡ್ಡಪರಿಣಾಮಗಳನ್ನು ದಾಖಲಿಸುವ ಸರ್ಕಾರಿ ವ್ಯವಸ್ಥೆ ಇದೆ. ನೇರವಾಗಿ ಅಲ್ಲಿಗೆ ಬರೆಯಿರಿ. ನನಗೆ ತಿಳಿದದ್ದನ್ನೆಲ್ಲ ನಾನೂ ಮೊನ್ನೆ ಬರೆದು ಕಳಿಸಿದೆ. ಎಂಟು ವರ್ಷ ತಡವಾಗಿ.

ಕಳೆದ ಭಾನುವಾರ ಹೆಗ್ಗದ್ದೆಗೆ ಹೋಗಿ ಮೀನಾಕ್ಷಮ್ಮನಿಗೆ ಎಲ್ಲವನ್ನೂ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. "ಆವಾಗ್ಲೇ ಒಂದ್ ಮಾತು ಅಂದಿದ್ರೆ ಹನ್ನೊಂದು ತಿಂಗಳು ನಾನು ಎಲ್ಲರ ಜೊತೆ ಕೂತು ಉಣ್ತಿದ್ದೆ" ಎಂದರು. ಒಲೆಯ ಮೇಲೆ ಅನ್ನ ಇಟ್ಟಿದ್ದೇನೆ ಎಂದು ಒಳಗೆ ಹೋದರು.

ಇಷ್ಟು ಹೊತ್ತು ಕೇಳಿಸಿಕೊಂಡ ನಿಮ್ಮೆಲ್ಲರಿಗೂ ನಾನು ಋಣಿ. ನಮಸ್ಕಾರ.