ಮೂರು ಸಲ ಕೂಗಿದ ಸರದಿ

ಸಭೆಯ ಅಧ್ಯಕ್ಷರೂ ನಮ್ಮ ನೀರಾವರಿ ಕಚೇರಿಯ ಮುಖ್ಯಸ್ಥರೂ ಆದ ಬೋತಿರ್ ಸೋಬಿರೋವಿಚ್ ಅವರೇ, ಜಿಲ್ಲೆಯಿಂದ ಬಂದಿರುವ ಅತಿಥಿಗಳೇ, ಮಹಲ್ಲಾಗಳ ಹಿರಿಯರೇ, ನನ್ನ ಹಳೆಯ ವಿದ್ಯಾರ್ಥಿಗಳೇ, ಸಭಿಕರೇ,

ಏಳು ವರ್ಷಗಳ ಹಿಂದೆ, ಜುಲೈ ಹದಿನಾಲ್ಕರ ಸಂಜೆ ನಾಲ್ಕು ಗಂಟೆಗೆ, ಈ ಊರಿನಲ್ಲಿ ಒಬ್ಬ ಮನುಷ್ಯನಿಗೆ ಅನ್ಯಾಯ ಶುರುವಾಯಿತು. ಕೆಳಗಿನ ಕಾಲುವೆಯ ಮೀರಾಬ್ ಆಗಿ ಮೂವತ್ತೊಂದು ವರ್ಷ ನೀರು ಹಂಚಿದ, ಊರಿಗೆಲ್ಲ ಚಿಕ್ಕಪ್ಪನಂತಿದ್ದ ತೋಜಿಬಾಯ್ ಅಮಕಿಯನ್ನು, ಲಂಚ ತಿಂದು ಒಂದು ಬೀದಿಯ ನೀರನ್ನು ಇನ್ನೊಂದು ಬೀದಿಗೆ ಬಿಟ್ಟವನು ಎಂದು ಹೆಸರಿಟ್ಟು ಕೆಲಸದಿಂದ ತೆಗೆದರು. ಅವರು ಲಂಚ ತಿಂದಿರಲಿಲ್ಲ. ತಪ್ಪು ಮಾಡಿದ್ದು ಒಂದು ಕಂಪ್ಯೂಟರ್ ಪ್ರೋಗ್ರಾಂ. ಯಾವ ವ್ಯವಸ್ಥೆಗೆ ಹತ್ತು ವರ್ಷ ತುಂಬಿತೆಂದು ನಾವು ಇಲ್ಲಿ ಸೇರಿದ್ದೇವೋ, ಅದೇ ನೀರಿನ ಸರದಿಯ ವ್ಯವಸ್ಥೆ.

ನನ್ನನ್ನು ಕರೆದದ್ದು ನಾಗರಿಕರ ಪರವಾಗಿ ಎರಡು ಒಳ್ಳೆಯ ಮಾತು ಆಡಲಿಕ್ಕೆ. ಏಳು ನಿಮಿಷ ಕೊಟ್ಟಿದ್ದಾರೆ. ಮೂವತ್ತನಾಲ್ಕು ವರ್ಷ ಭೌತಶಾಸ್ತ್ರ ಪಾಠ ಮಾಡಿ, ಊರವರ ಬಾಯಲ್ಲಿ ಮುಅಲ್ಲಿಮ ಎನಿಸಿಕೊಂಡವಳಿಗೆ ಏಳು ನಿಮಿಷ ಹಾಜರಿ ಕೂಗಲಿಕ್ಕೂ ಸಾಲದು. ಹೊರಗೆ ಪಲಾವಿನ ಕಡಾಯಿಯ ಮುಚ್ಚಳ ತೆಗೆದ ವಾಸನೆ ಬರುತ್ತಿದೆ. ಆದರೂ ಕೇಳಿ.

ಆ ದಿನ ನಮ್ಮ ಅನೋರ್‌ಜೋರ್ ಬೀದಿಯ ಸರದಿ. ಒಂಬತ್ತು ದಿನಕ್ಕೊಮ್ಮೆ ಬರುವ ಮೂರು ಗಂಟೆಯ ನೀರು. ಕಚೇರಿಯವರು ಕೊಟ್ಟ ಪಟ್ಟಿ ನನ್ನ ಕೈಯಲ್ಲಿತ್ತು. ಹಿತ್ತಲಿನಲ್ಲಿ ನನ್ನ ನಲವತ್ತು ಟೊಮೇಟೊ ಗಿಡಗಳು ತಲೆ ಬಾಗಿಸಿಕೊಂಡು ಕಾಯುತ್ತಿದ್ದವು. ನಾಲ್ಕಾಯಿತು. ತೋಜಿಬಾಯ್ ಅಮಕಿ ತೂಬಿನ ಕೋಣೆಯಿಂದ ಹೊರಗೆ ಬಂದು, ಪದ್ಧತಿಯಂತೆ, ದಂಡೆಯ ಮೇಲೆ ನಿಂತು ಮೂರು ಸಲ ಕೂಗಿದರು: "ತೂತ್‌ಜೋರ್ ಸರದಿ! ತೂತ್‌ಜೋರ್ ಸರದಿ! ತೂತ್‌ಜೋರ್ ಸರದಿ!"

ತೂತ್‌ಜೋರ್ ಬೇರೆ ಬೀದಿ. ನಾನು ಓಡಿದೆ. "ಅಮಕಿ, ಕಿವಿ ಕೇಳಿಸುತ್ತಾ? ಇವತ್ತು ನಮ್ಮದು!"

"ಕಂಪ್ಯೂಟರ್ ಪರದೆ ಮೇಲೆ ತೂತ್‌ಜೋರ್ ಅಂತಿದೆ, ಮುಅಲ್ಲಿಮ. ನಾನೇನ್ ಮಾಡ್ಲಿ? ಬನ್ನಿ, ಒಳಗ್ ಬಂದು ನೀವೇ ನೋಡಿ."

"ನೋಡೋದೇನಿದೆ? ಪಟ್ಟಿ ನನ್ ಕೈಯಲ್ಲೇ ಇದೆ!"

ತೂಬಿನ ಕೋಣೆ ಹತ್ತು ಹೆಜ್ಜೆ ದೂರದಲ್ಲಿತ್ತು. ಬಿಸಿಲು ಜೋರಾಗಿತ್ತು, ನಾನು ಚಪ್ಪಲಿಯನ್ನೂ ಹಾಕಿಕೊಂಡಿರಲಿಲ್ಲ. ಹೋಗಲಿಲ್ಲ. ಇರಲಿ, ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೂರು ದಿನ ಬಿಟ್ಟು ವಿಚಾರಣೆ ನಡೆಯಿತು. ಕಚೇರಿಯ ಸರ್ವರ್ ತೆಗೆದು ನೋಡಿದರು, ಅನೋರ್‌ಜೋರ್ ಅಂತಲೇ ಇತ್ತು. ತೂಬಿನ ಕೋಣೆಯ ಕಂಪ್ಯೂಟರ್ ನೋಡಿದರು. ಅದು ಅಷ್ಟರಲ್ಲಿ ಕೆಟ್ಟು ನಿಂತು ಮತ್ತೆ ಶುರುವಾಗಿತ್ತು, ಅದರಲ್ಲೂ ಅನೋರ್‌ಜೋರ್ ಅಂತಲೇ ಇತ್ತು. ವಿಚಾರಣೆಯ ಅಧಿಕಾರಿ ನಕ್ಕು, "ಯಂತ್ರ ಸುಳ್ಳು ಹೇಳಲ್ಲ, ಅಮಕಿ" ಎಂದರು. "ನಾನೂ ಹೇಳಲ್ಲ, ತಮ್ಮಾ" ಎಂದರು ಇವರು. ಅಷ್ಟೇ. ಆ ಮಾತನ್ನು ಯಾರೂ ಬರೆದುಕೊಳ್ಳಲಿಲ್ಲ.

ಬರೆದುಕೊಂಡದ್ದು ಬಟ್ಟಲಿನ ವಿಷಯವನ್ನು. ತೋಜಿಬಾಯ್ ಅಮಕಿಯ ಹೆಂಡತಿ ತೂತ್‌ಜೋರ್‌ನ ಬಾಣಂತಿಯೊಬ್ಬಳಿಗೆ ಒಂದು ಬಟ್ಟಲು ಗಂಜಿ ಕಳಿಸಿದ್ದರು. ಬಟ್ಟಲು ಒಣ ಏಪ್ರಿಕಾಟ್ ತುಂಬಿಕೊಂಡು ವಾಪಸ್ ಬಂದಿತ್ತು. ಸಭಿಕರೇ, ಈ ಸಭಾಂಗಣದಲ್ಲಿ ಅಕ್ಕಪಕ್ಕದವರ ಬಟ್ಟಲನ್ನು ಖಾಲಿ ವಾಪಸ್ ಕಳಿಸುವ ಹೆಂಗಸು ಒಬ್ಬಳಾದರೂ ಇದ್ದಾಳೆಯೇ? ಇದ್ದರೆ ಕೈ ಎತ್ತಲಿ. ಆದರೂ ಬೀದಿಯವರ ದೂರು ಅರ್ಜಿಯಲ್ಲಿ ಆ ಏಪ್ರಿಕಾಟ್ ಲಂಚವಾಯಿತು. ಅರ್ಜಿಯನ್ನು ಕಾಲುವೆಯ ದಂಡೆಯ ಮೇಲೆ, ಊರೆಲ್ಲ ಕೇಳುವಂತೆ ಓದಿದರು. ಚೆನ್ನಾಗಿ ಬರೆದ ಅರ್ಜಿ. ಒಂದು ತಪ್ಪೂ ಇರಲಿಲ್ಲ. ಊರಿನಲ್ಲಿ ಅಷ್ಟು ಶುದ್ಧವಾಗಿ ಬರೆಯುವವರು ಎಷ್ಟು ಜನ ಇದ್ದಾರೆ?

ಈಗ ಯಂತ್ರದ ವಿಷಯ. ಮೂರು ವರ್ಷದ ಹಿಂದೆ ನನ್ನ ಹಳೆಯ ವಿದ್ಯಾರ್ಥಿನಿ ಜುಲ್ಹುಮೋರ್ ನೀರಾವರಿ ಕಚೇರಿಗೆ ಪ್ರೋಗ್ರಾಮರ್ ಆಗಿ ಸೇರಿದಳು. ತೂಬಿನ ಕಂಪ್ಯೂಟರ್‌ಗಳು ಕಾರಣವಿಲ್ಲದೆ ನಿಂತುಹೋಗುತ್ತಿದ್ದವು. ಕಾರಣ ಹುಡುಕಿದವಳು ಅವಳೇ. ಈ ವರ್ಷ ನವ್ರೂಜ್ ಹಬ್ಬ ಮುಗಿದ ವಾರ ನಮ್ಮ ಮನೆಗೆ ಬಂದು, ಅದನ್ನು ಹೇಳಿದಳು. ಅವಳ ಒಪ್ಪಿಗೆ ಪಡೆದೇ ಇಲ್ಲಿ ಹೇಳುತ್ತಿದ್ದೇನೆ.

"ಮುಅಲ್ಲಿಮ, ಪ್ರೋಗ್ರಾಂ ಕೆಲಸ ಮಾಡೋಕೆ ಮೆಮೊರಿಯಲ್ಲಿ ಜಾಗ ಬೇಕು. ಆ ಜಾಗನ ಬಟ್ಟಲು ಅಂದ್ಕೊಳ್ಳಿ. ಸರ್ವರ್ ಒಳಗಿನ ಕೋಡು ಊಟಕ್ಕೆ ದಸ್ತರ್‌ಖಾನ್ ಹಾಸಿದ ಹಾಗೆ. ಬೇಕಾದ್ದೆಲ್ಲ ತಂದು ಬಟ್ಟೆ ಮೇಲೆ ಇಡ್ತಾ ಹೋಗೋದು. ಕೆಲಸ ಮುಗಿದ್ಮೇಲೆ ನಾಲ್ಕು ಮೂಲೆ ಹಿಡಿದು ಬಟ್ಟೆನೇ ಎತ್ತಿಬಿಡೋದು. ತೂಬಿನ ಕೋಣೆಯಲ್ಲಿ ಹಾಗಲ್ಲ. ಅಲ್ಲಿ ಒಂದೊಂದು ಬಟ್ಟಲೂ ಕೇಳಿ ತಗೋಬೇಕು, ತಗೊಂಡ ಮನೆಗೇ ವಾಪಸ್ ಕೊಡ್ಬೇಕು."

"ಸರಿ. ನಮ್ಮವರೇನ್ ಮಾಡಿದ್ರು?"

"ಸರದಿ ಲೆಕ್ಕ ಹಾಕೋ ಕೋಡನ್ನ ಸರ್ವರ್‌ನಿಂದ ಎತ್ತಿ, ತೂಬಿನ ಪ್ರೋಗ್ರಾಂಗೆ ಹಾಗೇ ಅಂಟಿಸಿದ್ರು. ಎರಡು ಸಲ ಬರೆಯೋ ಕೆಲಸ ಉಳೀತು ಅಂತ. ಜಾಗ ಕೇಳಿದ್ದು ಸರ್ವರ್ ರೀತಿಯಲ್ಲಿ, ಬಿಟ್ಟುಕೊಟ್ಟಿದ್ದು ತೂಬಿನ ರೀತಿಯಲ್ಲಿ. ದಸ್ತರ್‌ಖಾನ್ ಮೇಲಿನ ಬಟ್ಟಲನ್ನ ಪಕ್ಕದ್ಮನೆಯದು ಅಂತ ಅವರ ಕಪಾಟಿಗೆ ಇಟ್ಟ ಹಾಗೆ."

"ಇಟ್ರೆ ಏನಾಗುತ್ತೆ?"

"ಎಷ್ಟೋ ದಿನ ಏನೂ ಆಗಲ್ಲ. ಅದೇ ತೊಂದ್ರೆ. ಆಮೇಲೊಂದಿನ, ಇನ್ನೂ ಊಟ ಇರೋ ಬಟ್ಟಲನ್ನ ಖಾಲಿ ಅಂದ್ಕೊಂಡು ಅದರ ಮೇಲೇ ಇನ್ನೊಬ್ರದ್ದು ಬಡಿಸ್ತಾರೆ."

ನನಗೆ ಅರ್ಥವಾಯಿತು. ಒಂದು ಹೆಸರಿನ ಮೇಲೆ ಇನ್ನೊಂದು ಹೆಸರು. ಅನೋರ್‌ಜೋರ್ ಮೇಲೆ ತೂತ್‌ಜೋರ್.

"ಅವತ್ತು ಹಾಗೇ ಆಯ್ತು ಅನ್ನೋಕೆ ಏನು ಆಧಾರ?" ಎಂದು ಕೇಳಿದೆ. ನಾನು ಭೌತಶಾಸ್ತ್ರದವಳು, ಕೇಳಲೇಬೇಕು.

"ಅವತ್ತಿನ ಪಟ್ಟಿನೇ ಹಾಕಿ, ಹಳೇ ಪ್ರೋಗ್ರಾಂನ ಹನ್ನೊಂದು ಸಲ ಓಡಿಸ್ದೆ. ಒಂಬತ್ತು ಸಲ ಸರಿ ಬಂತು. ಹತ್ತನೇ ಸಲ ನಿಂತೇಹೋಯ್ತು. ಹನ್ನೊಂದನೇ ಸಲ ನಾಲ್ಕು ಗಂಟೆ ಸಾಲಿಗೆ ತೂತ್‌ಜೋರ್ ಬಂತು. ಅಷ್ಟೇ ಅಲ್ಲ ಮುಅಲ್ಲಿಮ, ತೂಬಿನ ಕಂಪ್ಯೂಟರ್ ಅವತ್ತು ನಿಂತಾಗ ತನ್ನ ಮೆಮೊರಿಯ ನಕಲು ಉಳಿಸಿತ್ತು. ನಾಲ್ಕು ಗಂಟೆ ನಲವತ್ತು ನಿಮಿಷದ್ದು. ಯಾರೂ ತೆಗೆದೇ ನೋಡಿಲ್ಲ. ಅದರಲ್ಲೂ ತೂತ್‌ಜೋರ್ ಅಂತಲೇ ಇದೆ."

ಅವಳು ಅದನ್ನು ಸರಿಪಡಿಸಿದಳು, ಎರಡು ಪುಟದ ವರದಿ ಬರೆದು ಮುಖ್ಯಸ್ಥರಿಗೆ ಕೊಟ್ಟಳು. ಬೋತಿರ್ ಸೋಬಿರೋವಿಚ್, ನೀವು ಅವಳಿಗೆ ಏನಂದಿರಿ? "ಸರಿಹೋಯ್ತಲ್ಲ ಮಗಳೇ, ಹಳೇದನ್ನ ಇನ್ಯಾಕೆ ಕೆದಕ್ತೀಯ?" ಆ ವರದಿಯ ಪ್ರತಿ ಈ ನನ್ನ ಚೀಲದಲ್ಲಿದೆ. ಇವತ್ತಿನ ಆಮಂತ್ರಣದಲ್ಲಿ "ಒಂದು ದೋಷವೂ ಇಲ್ಲದ ಹತ್ತು ವರ್ಷ" ಎಂದು ಅಚ್ಚಾಗಿದೆ. ಅದೂ ಚೀಲದಲ್ಲಿದೆ. ಎರಡನ್ನೂ ಒಟ್ಟಿಗೇ ಇಟ್ಟುಕೊಂಡಿದ್ದೇನೆ.

ಮರುದಿನವೇ ನಾನು ತೋಜಿಬಾಯ್ ಅಮಕಿಯ ಮನೆಗೆ ಹೋದೆ. ಅವರಿಗೀಗ ಎಪ್ಪತ್ತೈದು. ಏಳು ವರ್ಷದಿಂದ ಅವರು ಕಾಲುವೆಯ ದಂಡೆ ತುಳಿದಿಲ್ಲ. ಬಜಾರಿಗೆ ಹೋಗಬೇಕಾದರೆ ಇಟ್ಟಿಗೆ ಗೂಡಿನ ಕಡೆಯಿಂದ ಸುತ್ತಿ ಹೋಗುತ್ತಾರೆ. ನಾನು ಎಲ್ಲವನ್ನೂ ಹೇಳಿದೆ. ಅವರು ರೊಟ್ಟಿ ಮುರಿದು ನನ್ನ ಮುಂದಿಟ್ಟರು.

"ಬಂದು ಹೇಳಿದ್ರಲ್ಲ, ಸಂತೋಷ. ಆದ್ರೆ ಅರ್ಜಿ ಓದಿದ್ದು ಎಲ್ಲಿ, ಮುಅಲ್ಲಿಮ? ದಂಡೆ ಮೇಲೆ. ಇದನ್ನ ನಾಲ್ಕು ಗೋಡೆ ಮಧ್ಯೆ ಹೇಳಿದ್ರೆ ಯಾರಿಗ್ ಕೇಳ್ಸುತ್ತೆ?"

ಆಮೇಲೆ ಸ್ವಲ್ಪ ನಕ್ಕು, "ನಾನ್ ಕದಿಯೋ ಹಾಗಿದ್ರೆ ಮೂರು ಸಲ ಕೂಗಿ ಕದೀತಿದ್ನಾ?" ಎಂದರು.

ಸಭಿಕರೇ, ಈ ಪ್ರಶ್ನೆ ಏಳು ವರ್ಷ ನಮ್ಮಲ್ಲಿ ಒಬ್ಬರಿಗೂ ಯಾಕೆ ಹೊಳೆಯಲಿಲ್ಲ? ಯಂತ್ರದ ಒಳಗಿನದು ನಮಗೆ ತಿಳಿಯುವಂಥದ್ದಲ್ಲ, ಒಪ್ಪಿದೆ. ಆದರೆ ಬಟ್ಟಲಿನ ವಿಷಯ ನಮಗೆ ತಿಳಿದಿತ್ತು. ಹತ್ತು ಹೆಜ್ಜೆ ನಡೆಯುವುದು ನಮಗೆ ತಿಳಿದಿತ್ತು. ನಮಗೆ ಎಂದು ಯಾಕೆ ಹೇಳುತ್ತಿದ್ದೇನೆ? ಆ ಅರ್ಜಿಯನ್ನು ಬರೆದವಳು ನಾನು. ಏಪ್ರಿಕಾಟ್ ಅನ್ನು ಲಂಚ ಎಂದು ಬರೆದದ್ದು ಈ ಕೈ. ಮೊದಲ ಸಹಿ ಮುಕದ್ದಸ್ ಎರ್ಗಶೇವಾ, ಅಂದರೆ ನನ್ನದು. ನಲವತ್ತು ಟೊಮೇಟೊ ಗಿಡಕ್ಕಾಗಿ.

ಗುರುವಾರ ಸಂಜೆ ನಾಲ್ಕಕ್ಕೆ ಅನೋರ್‌ಜೋರ್ ಸರದಿ. ನಾನು ದಂಡೆಯ ಮೇಲೆ ನಿಲ್ಲುತ್ತೇನೆ. ತೋಜಿಬಾಯ್ ಅಮಕಿ ಪರದೆಯಲ್ಲಿ ಇದ್ದದ್ದನ್ನೇ ಕೂಗಿದರು, ನನ್ನ ಅರ್ಜಿ ಸುಳ್ಳು ಎಂದು ನನ್ನ ಪಾಲಿನದನ್ನು ಕೂಗುತ್ತೇನೆ. ಮೊದಲನೆಯ ಕೂಗು ನನ್ನದು. ಎರಡನೆಯದು ಬೀದಿಯವರದು, ಸಹಿ ಹಾಕಿದ ಇಪ್ಪತ್ತಾರು ಜನರದು. ಅವರಲ್ಲಿ ಹಲವರು ಈಗ ನನ್ನ ಎದುರಿಗೇ ಕುಳಿತಿದ್ದಾರೆ, ನೆಲ ನೋಡುತ್ತಿದ್ದಾರೆ. ಮೂರನೆಯದು ನೀರಾವರಿ ಕಚೇರಿಯದು.

ಇಷ್ಟು ಹೊತ್ತು ಪಲಾವನ್ನು ಕಾಯಿಸಿ ಕೇಳಿದ್ದಕ್ಕೆ ನಿಮಗೆಲ್ಲ ಕೃತಜ್ಞಳು. ಎಲ್ಲರಿಗೂ ನಮಸ್ಕಾರ. ಮೈಕನ್ನು ಆರಿಸದೆ ಅಧ್ಯಕ್ಷರ ಮುಂದೆ ಇಡುತ್ತಿದ್ದೇನೆ. ಬೋತಿರ್ ಸೋಬಿರೋವಿಚ್, ಇಷ್ಟು ಜನರ ಮುಂದೆ ಹೇಳಿ: ಆ ಮೂರನೆಯ ಕೂಗು ಕೂಗಲು ಗುರುವಾರ ನೀವು ಬರುತ್ತೀರಾ, ಇಲ್ಲವಾ?