ಎರಡು ಗೀರು, ಒಂದು ಚುಕ್ಕಿ

ಅಲ್ಲಲ್ಲ, ಆ ಒಂದು ಮಾತು ಮಾತ್ರ ನನ್ನ ಮುಂದ ಹೇಳಬ್ಯಾಡ ಸವಿತಾ. "ಹೆಸರು ಆಮ್ಯಾಲೆ ಹಚ್ಚತೇವಿ, ನಾಳಿಂದ ಸುಮ್ನ ಕೆಲಸಕ್ಕ ಬಾ" ಅಂದ್ರಂತ, ಇಕಿ ಹೂಂ ಅಂದು ಬಂದಾಳಂತ! ಆ ಫ್ಯಾಕ್ಟರಿಯವರು ನಿನಗ ಚಾ ಕುಡಿಸಿ ಕಳಿಸಿದ್ರೋ, ಟೊಪಗಿ ಹಾಕಿ ಕಳಿಸಿದ್ರೋ? ಬಾ ಇಲ್ಲಿ, ಕಟ್ಟಿ ಮ್ಯಾಲೆ ಕುಂದ್ರು. ನನ್ನ ಎಡಗೈ ನೋಡು. ಸಣ್ಣಾಕಿ ಇದ್ದಾಗ "ಆಯಿ, ಈ ಎರಡು ಬಟ್ಟು ಎಲ್ಲಿ ಹೋದ್ವು" ಅಂತ ಕೇಳತಿದ್ದಿ, ಇಲಿ ತಿಂದ್ವು ಅಂತ ಹೇಳತಿದ್ನಿ. ಇಲಿ ಅಲ್ಲ ಯವ್ವಾ, ಕಲ್ಲು ತಿಂತು. ಈಗ ಕೆಲಸಕ್ಕ ಹೊಂಟಾಕಿ ಆಗೀದಿ, ಖರೆ ಕೇಳು.

ಎಪ್ಪತ್ತನೇ ಇಸವಿ ದಾಟಿ ಆರೋ ಏಳೋ ವರ್ಷ ಆಗಿತ್ತು, ಇಲ್ಲ, ಇನ್ನೂ ಮ್ಯಾಲೇ ಇರಬೇಕು, ನಿಮ್ಮಪ್ಪಗ ಆಗ ಹಲ್ಲು ಬಂದಿರಲಿಲ್ಲ. ನಾನೂ ನಿಮ್ಮ ಮುತ್ಯಾನೂ ಇಲಕಲ್ಲ ಹತ್ರ ಕೆಂಪು ಕಲ್ಲಿನ ಖಣಿಗೆ ದುಡಿಯಾಕ ಹೋದ್ವಿ. ಮೊದಲನೇ ದಿನ ಗುಮಾಸ್ತ ಹಾಜರಿ ಪುಸ್ತಕ ತಗದು ಕುಂತಿದ್ದ. ನಿಮ್ಮ ಮುತ್ಯಾನ ಹೆಸರು ಬರಕೊಂಡ, ನನ್ನ ಕಡೆ ನೋಡಿ "ನಿನ್ನ ಹೆಸರೇನ ಬೇ?" ಅಂದ. ನಾನೋ, ತಲಿ ಮ್ಯಾಲೆ ಸೆರಗು, ಸುತ್ತ ಪರ ಗಂಡಸ್ರು, ಹೆಸರು ಹೇಳಾಕ ನಾಚಿಕಿ! "ಅವರ ಹೆಸರಿನ್ಯಾಗs ಹಿಡಕೋರಿ" ಅಂದ್ನಿ. ಅವನಿಗೇನು, ಶಾಯಿ ಉಳೀತು, ಪುಸ್ತಕ ಮುಚ್ಚಿದ. ಖಣ್ಯಾಗ ಗಂಡ-ಹೆಂಡ್ತಿ ಜೋಡಿ ದುಡಿಯೋವ್ರ ಹಾಜರಿ ಹಂಗs ನಡೀತಿತ್ತು ನೋಡು, ಒಂದs ಹೆಸರು, ಎರಡು ಜೀವ. ನಂಗೂ ಅದರಾಗ ಏನೂ ತಪ್ಪು ಕಾಣಲಿಲ್ಲ. ಮರ್ಯಾದಿ ಉಳಿಸಿಕೊಂಡ್ನಿ ಅಂತ ತಿಳಕೊಂಡಿದ್ನಿ, ಹುಚ್ಚಿ ನಾನು.

ಕೆಲಸ ಮಾತ್ರ ಭಾಳ ಚಲೋ ಕಲ್ತ್ನಿ. ಬರೇ ಕಡಿ ಹೊರೂ ಕೆಲಸ ಅಲ್ಲ, ಎಡಗೈಲೆ ಉಳಿ ಹಿಡದು ಬಲಗೈಲೆ ಸುತಗಿ ಹೊಡದು ಕಲ್ಲಿನ ಮೈ ಸಮ ಮಾಡತಿದ್ನಿ. ಉಳಿ ದಿನಾ ಮೊಂಡ ಆಗ್ತಾವು, ಗೊತ್ತೈತಿಲ್ಲೋ? ಸಂಜಿಗೆ ಎಲ್ಲಾರ ಉಳಿನೂ ಖಣಿಯ ಕುಲಿಮ್ಯಾಗ ಒಂದs ಕಡೆ ಬೀಳತಿದ್ವು, ಕಮ್ಮಾರ ಮೌನೇಶಣ್ಣ ಕಾಸಿ ಬಡದು ಚೂಪು ಮಾಡಿಡಾಂವ. ಯಾರದು ಯಾರದೋ ಆಗಬಾರದಲ್ಲ, ಅದಕ್ಕ ಒಬ್ಬೊಬ್ಬರ ಉಳಿಗೆ ಒಂದೊಂದು ಗುರ್ತು ಕಡೀತಿದ್ದ. ನಿಮ್ಮ ಮುತ್ಯಾಗ ಎರಡು ಗೀರು. ನನಗೂ ಎರಡು ಗೀರು, ನಡುವ ಒಂದು ಚುಕ್ಕಿ. "ನಿನ್ನ ಹಣಿಮ್ಯಾಲಿನ ಕುಂಕುಮ ತಂಗಿ ಇದು" ಅಂತಿದ್ದ. ಮ್ಯಾಲೆ ನನ್ನ ಮುಷ್ಟಿ ಸಣ್ಣದಂತ, ಗಂಡಸ್ರ ಉಳಿಗಿಂತ ಮೂರು ಬಟ್ಟು ಗಿಡ್ಡ ಮಾಡಿ ಕೊಟ್ಟಿದ್ದ. ಅಂಥಾ ಕೈ ಆ ಮನಶಾಂದು.

ಒಂದಿನ ಮಧ್ಯಾಹ್ನ, ಊಟಕ್ಕ ಏಳಬೇಕು, ಇನ್ನೊಂದು ಮೂಲಿ ತೀಡಿದ್ರ ಆತು ಅಂತ ನಾ ಕುಂತೇನಿ, ಮ್ಯಾಲೆ ನಾಕು ಮಂದಿ ಕಬ್ಬಣದ ಹಾರಿ ಹಾಕಿ ಒಂದು ಕಲ್ಲಿನ ದಿಮ್ಮಿ ಸರಸಾಕ ಹತ್ಯಾರ. ಹಾರಿ ಜಾರಿತು. ದಿಮ್ಮಿ ಉರಳಿ ಬಂದು ನನ್ನ ಎಡಗೈ ಮ್ಯಾಲೆ ಕುಂತಿತು. ಚೀರಿದ್ನೋ ಇಲ್ಲೋ ನೆನಪಿಲ್ಲ. ಗುಮಾಸ್ತ ಓಡಿ ಬಂದ, ಲಾರ್‍ಯಾಗ ಹಾಕಿಕೊಂಡು ಹುನಗುಂದ ದವಾಖಾನಿಗೆ ಒಯ್ದ. ದಾರ್‍ಯಾಗ ನನ್ನ ಕಿವ್ಯಾಗ ಏನಂತಾನ ಗೊತ್ತೇನು? "ಮನ್ಯಾಗ ಬೀಸೂ ಕಲ್ಲು ಬಿತ್ತು ಅನ್ನು ಬೇ, ಔಷಧದ ಖರ್ಚು ಮಾಲಕ್ರು ನೋಡಕೋತಾರ." ರಕ್ತ ಸುರೀತಿದ್ರೂ ನಂಗ ಸಿಟ್ಟು ನೆತ್ತಿಗೇರಿತು. ನರ್ಸಬಾಯಿ "ಹ್ಯಾಂಗ ಆತು?" ಅಂದ ಕೂಡ್ಲೆ ಹೇಳಿದ್ನಿ, "ಖಣ್ಯಾಗ, ಮಾಲಕನ ಕಲ್ಲು ಕಡೀತಿರೋವಾಗ!" ಪುಣ್ಯಾತ್‌ಗಿತ್ತಿ, ಹಂಗs ಬರದ್ಳು. ಡಾಕ್ಟರು ಎರಡು ಬಟ್ಟು ತಗದ್ರು, ಆಕಿ ಪಟ್ಟಿ ಕಟ್ಟಿ, ಗುಮಾಸ್ತ ಹೊರಗ ಹೋದ ಕೂಡ್ಲೆ ಸಣ್ಣ ದನಿಲೆ ಅಂದ್ಳು, "ಕೆಲಸ ಮಾಡೂವಾಗ ಪೆಟ್ಟು ಬಿದ್ರ ಮಾಲಕ ಪರಿಹಾರ ಕೊಡಬೇಕಂತ ಸರಕಾರದ ಕಾಯ್ದಾ ಐತಿ. ಕಲ್ಲಿನ ಧೂಳಿ ಕುಡದು ಎದಿ ಹಾಳಾದವರಿಗೂ ಐತಿ. ಬಾಗಲಕೋಟ್ಯಾಗ ಲೇಬರ್ ಸಾಹೇಬ್ರು ಅದಾರ, ಅರ್ಜಿ ಕೊಡು. ತಡಾ ಮಾಡಬ್ಯಾಡ."

ಮಾಲಕ ಏನಂದ? "ಆಕಿ ನಮ್ಮ ಆಳs ಅಲ್ಲ, ಪುಸ್ತಕದಾಗ ಹೆಸರs ಇಲ್ಲ" ಅಂದ. ನಿಮ್ಮ ಮುತ್ಯಾ ಹೆದರಿದ. "ಸುಮ್ಕಿರು, ನನ್ನ ಕೆಲಸಾನೂ ಹೋದೀತು" ಅಂದ. ಹೆದರಿಕಿ ನಂಗೂ ಇತ್ತು, ಇಲ್ಲಂತ ಹೇಳಂಗಿಲ್ಲ. ಆದ್ರ ಉಳಿ ಹಿಡಿಯಾಕ ಬರಲಾರದ ಕೈ ನಂದು, ಅವಂದಲ್ಲ. ಅರ್ಜಿ ಹಾಕಿಸಿದ್ನಿ.

ಬಾಗಲಕೋಟಿಗೆ ವಿಚಾರಣಿಗೆ ಬಾ ಅಂತ ಕರಿ ಬಂತು. ನಾನೂ ನಿಮ್ಮ ಮುತ್ಯಾನೂ ಬಸ್ಸಿನ್ಯಾಗ ಹೋದ್ವಿ, ನನ್ನ ಸೆರಗಿನ್ಯಾಗ ಇಬ್ಬರ ಉಳಿನೂ ಗಂಟು. ಆಫೀಸಿನ್ಯಾಗ ಗುಮಾಸ್ತ ಮೊದಲs ಬಂದು ಕುಂತಾನ, ಅವನ ಬಾಜು ಯಾರು? ಮೌನೇಶಣ್ಣ! ಮಾಲಕನ ಸಾಕ್ಷಿ ಆಗಿ ಬಂದಾನ. ಸಾಹೇಬ್ರು ಕೇಳಿದ್ರು, "ಹೆಸರೇನವ್ವಾ? ಗಂಡನ ಹೆಸರೇನು?" ಗಂಡನ ಹೆಸರು! ಮದಿವ್ಯಾದಾಗಿಂದ ಒಂದು ಸಲಾನೂ ಬಾಯಿಲೆ ತಂದಾಕಿ ಅಲ್ಲ. ಬಾಯಿ ಕಟ್ಟಿತು. ಗುಮಾಸ್ತ ಕಿಸಕ್ಕಂತ ನಕ್ಕ, "ಗಂಡನ ಹೆಸರು ಹೇಳಾಕ ಬಾಯಿಲ್ಲ, ಪರಿಹಾರ ಕೇಳಾಕ ಬಾಯಿ ಬಂದೈತಿ ನೋಡ್ರಿ ಸಾಹೇಬ್ರ. ಇಕಿ ಗಂಡಗ ರೊಟ್ಟಿ ಬುತ್ತಿ ಕೊಡಾಕ ಬರಾಕಿ, ಸುಮ್ನ ಕಲ್ಲಿನ ಹತ್ರ ಹೋಗಿ ಕೈ ಇಟ್ಟಾಳ." ರೊಟ್ಟಿ ಬುತ್ತಿ ಅಂತ! ಎದ್ದು ನಿಂತ್ನಿ. "ನನ್ನ ಹೆಸರು ದ್ಯಾಮವ್ವ. ನನ್ನ ಗಂಡನ ಹೆಸರು ಬೀರಪ್ಪ. ಎರಡೂ ಬ್ಯಾರೆ ಬ್ಯಾರೆ ಬರಕೋರಿ!" ಅಂದ್ನಿ, ಅಂದು ಗಂಟು ಬಿಚ್ಚಿ ಉಳಿ ಮೇಜಿನ ಮ್ಯಾಲೆ ಸುರುವಿದ್ನಿ. "ಎರಡು ಗೀರು ಅವರವು, ಚುಕ್ಕಿ ಇದ್ದವು ನನ್ನವು. ಬುತ್ತಿ ತರಾಕಿಗೆ ಕುಲಿಮ್ಯಾಗ ಯಾರು ಉಳಿ ಮಾಡಿ ಕೊಡತಾರ, ಕೇಳ್ರಿ."

"ಯಾರು ಬೇಕಾದ್ರೂ ಚುಕ್ಕಿ ಹೊಡೀತಾರ್ರಿ" ಅಂದ ಗುಮಾಸ್ತ. ಸಾಹೇಬ್ರು ಉಳಿ ಎತ್ತಿ ಮೌನೇಶಣ್ಣನ ಕೈಯಾಗ ಕೊಟ್ರು. "ಇದು ನಿನ್ನ ಕೆಲಸೇನು?" ಮೌನೇಶಣ್ಣ ಹೊರಳಿಸಿ ನೋಡಿದ, ಗುಮಾಸ್ತನ ಮಾರಿ ನೋಡಿದ, ನನ್ನ ಪಟ್ಟಿ ಕಟ್ಟಿದ ಕೈ ನೋಡಿದ. ಆಮ್ಯಾಲೆ ಅಂದ, "ನನ್ನ ಕೈಲೆ ಕಡದ ಗುರ್ತು, ನಾ ಹ್ಯಾಂಗ ಅಲ್ಲ ಅನ್ನಲ್ರಿ ಸಾಹೇಬ್ರ? ಈ ತಂಗಿದು. ಮುಷ್ಟಿ ಸಣ್ಣದಂತ ನಾನs ಗಿಡ್ಡ ಮಾಡೇನಿ. ದಿನಾ ಸಂಜಿಗೆ ಚೂಪು ಮಾಡಿ ಇಟ್ಟೇನಿ. ನಂಗ ಏನ್ ಹೇಳಾಕ ಕರಕೊಂಡು ಬಂದ್ರೋ ಅದು ನನ್ನ ಬಾಯಾಗ ಬರವಲ್ದು." ಸಾಹೇಬ್ರು ಗುಮಾಸ್ತಗ ಅಂದ್ರು, "ಪುಸ್ತಕದಾಗ ಹೆಸರು ಬರೀಲಿಲ್ಲಂದ್ರ ಅದು ನಿಮ್ಮ ತಪ್ಪು. ದುಡದಾಕಿ ದುಡದಾಕಿನs."

ಪರಿಹಾರ ಬಂತು, ಅಲೆದಾಡಿಸಿ ಅಲೆದಾಡಿಸಿ ಬಂತು, ಆದ್ರ ದ್ಯಾಮವ್ವನ ಹೆಸರಿಲೇ ಬಂತು. ಎಮ್ಮಿ ಕಟ್ಟಿದ್ನಿ, ಅದರ ಹಾಲು ಮಾರಿ ನಿಮ್ಮಪ್ಪನ್ನ ಸಾಲಿಗೆ ಕಳಿಸಿದ್ನಿ. ಮೌನೇಶಣ್ಣನ್ನ ಖಣಿಯಿಂದ ತಗದ್ರು, ಆ ಸಂಕಟ ನಂಗ ಇವತ್ತಿಗೂ ಐತಿ. ಇಲಕಲ್ಲಾಗ ರಸ್ತೆ ಬಾಜು ತನ್ನದs ಕುಲಿಮಿ ಹಾಕಿದ, ಅಲ್ಲೂ ನಮ್ಮ ಕುಡುಗೋಲಿಗೆ ಅದs ಗುರ್ತು ಹೊಡೀತಿದ್ದ. ಆವತ್ತು ಬಾಗಲಕೋಟಿಯಿಂದ ತಿರುಗಿ ಬರೋವಾಗ ಬಸ್ಸಿನ್ಯಾಗ ನಿಮ್ಮ ಮುತ್ಯಾ ಸಿಟ್ಟಾಗ್ಯಾನ ಅಂತ ನಾ ಕಿಟಕಿ ಕಡೆ ನೋಡಕೋತ ಕುಂತಿದ್ನಿ. ಇಲಕಲ್ಲ ಹತ್ರ ಬಂದಾಗ ಅಂದ, "ಏನs, ಅದೊಮ್ಮೆ ನನ್ನ ಹೆಸರು ಹೇಳಿದ್ಯಲ್ಲ, ಚಲೋ ಕೇಳಸ್ತು." ನಗಬ್ಯಾಡ, ಖರೇನs ಹಂಗಂದ.

ಈಗ ಏಳು, ಕತ್ತಲಾತು. ಮುಂಜಾನೆ ನಾ ಬುತ್ತಿ ಕಟ್ಟಿ ಕೊಡತೇನಿ, ಹೋಗು. ಹೋಗಿ ಮೊದಲು ಪುಸ್ತಕ ತಗೀರಿ ಅನ್ನು, ನಿನ್ನ ಹೆಸರು ನಿನ್ನ ಕಣ್ಣ ಮುಂದs ಬರಸು. ಅವರು ಬರಿಯೂ ತನಕ ಬುತ್ತಿ ಗಂಟು ಬಿಚ್ಚಬ್ಯಾಡ. ಬರೀಲಿಲ್ಲಂದ್ರ ರೊಟ್ಟಿ ಹಂಗs ಮನಿಗೆ ತಾ, ಇಲ್ಲೇ ಕುಂತು ಇಬ್ರೂ ತಿನ್ನೂಣು.