ಟೋಪಿ ಇಲ್ಲದಿದ್ದರೆ ಆಟ ಇಲ್ಲ

…ಪೂರ್ತಿ ಯಾಕೆ ಬಿಚ್ಚಬೇಕು ಅಂತೀನಿ! ಮಚ್ಚೆ ಇರೋದು ಒಂದು. ಒಂದೇ ಒಂದು! ಬೆನ್ನು ಮುಗಿದು… ಅದೇ, ಕೂರೋ ಜಾಗ ಶುರುವಾಗುತ್ತಲ್ಲ, ಅಲ್ಲಿ. ಈ ಗೌನಿನ ಹಿಂದೆ ಸೀಳಿದೆ, ಅಷ್ಟು ಸರಿಸಿ ಇಣುಕಿ ನೋಡಿಬಿಡು, ಮುಗೀತು. ಏನು? ಗೋಡೆ ಮೇಲೇನೋ ತೋರಿಸ್ತಿದ್ದೀಯ… "ತಲೆಯಿಂದ ಪಾದದವರೆಗೆ ತಪಾಸಣೆ." ಓದೋಕೆ ಬರುತ್ತಮ್ಮ ನಂಗೆ. ನಿಂಗೆ ಓದೋಕೆ ಕಲಿಸಿದ್ದೇ ನಾನು!

ಯಾಕೆ ನಗ್ತೀಯ? ಡಾಕ್ಟರ್ ಜಿನಾ ಜಾಮಿಟ್ ಅಂತ ಬಾಗಿಲಿಗೆ ಬೋರ್ಡು ಹಾಕ್ಕೊಂಡ ಮಾತ್ರಕ್ಕೆ… ನಂಗೆ ನೀನು ಮೂರನೇ ಕ್ಲಾಸಿನ ಜಿನಾನೇ. ಅವತ್ತೂ ಹೀಗೇ. ಬಾಯಿ ಬಿಟ್ರೆ ಮುತ್ತು ಉದುರಿ ಹೋಗುತ್ತೇನೋ ಅನ್ನೋ ಹಾಗೆ ಸುಮ್ಮನಿರ್ತಿದ್ದೆ. "ಯಾಕೆ ಲೇಟು, ಜಿನಾ?" ಕಣ್ಣು ಬಿಡೋದು. "ಹೋಮ್‌ವರ್ಕ್ ಎಲ್ಲಿ, ಜಿನಾ?" ಕಣ್ಣು ಬಿಡೋದು! ಈಗ ಆ ಕಣ್ಣಿಗೆ ಭೂತಗನ್ನಡಿ ಬೇರೆ ಸೇರಿದೆ.

ಸರಿ, ಕೈಯಿಂದ ಶುರು ಮಾಡು. ಕೈಗೇನು ನಾಚಿಕೆ. ನೋಡು, ಚೆನ್ನಾಗಿ ನೋಡು. ಎಪ್ಪತ್ತೊಂದು ವರ್ಷದ ಕೈ! ಮುಖ ನೋಡು, ಮುಖ! ಹಾಲು ಹಾಲು. ಈ ಕಬ್ಬಿನ ಊರಲ್ಲಿ ನನ್ನ ವಯಸ್ಸಿನವರ ಮುಖ ಎಲ್ಲಾ ಒಣದ್ರಾಕ್ಷಿ ಆಗಿವೆ. ನಂದು? ಯಾಕೆ ಹೀಗಿದೆ ಹೇಳು? …ಟೋಪಿ! ಮೂವತ್ತೊಂದು ವರ್ಷ ಆ ಶಾಲೆ ಮೈದಾನದಲ್ಲಿ ನಿಂತು ಕೂಗಿದ್ದೀನಿ, "ಟೋಪಿ ಇಲ್ಲದಿದ್ರೆ ಆಟ ಇಲ್ಲ!" ಅಂತ. ಟೋಪಿ ಮರೆತು ಬಂದವರು ಊಟದ ಬಿಡುವು ಪೂರ್ತಿ ನೆರಳಿನ ಬೆಂಚಲ್ಲಿ. ಯಾರ ಮಕ್ಕಳೇ ಆಗಲಿ! ಪೊಲೀಸ್ ಸಾರ್ಜೆಂಟ್ ಮಗನನ್ನೂ ಕೂರಿಸಿದ್ದೀನಿ. ಪಾದ್ರಿಗಳು ಬರಿತಲೆಯಲ್ಲಿ ಬಹುಮಾನ ಕೊಡೋಕೆ ಬಂದಿದ್ರು ನೋಡು, ಅವರನ್ನೂ ಕೂರಿಸಿದ್ದೀನಿ!

ನಿನ್ನನ್ನೂ… ಹೂಂ. ನಿನ್ನನ್ನೂ ಒಂದು ಸಲ. ಅದು ಬಿಡು ಈಗ.

ಚರ್ಮದ ವಿಷಯ ನನಗೆ ಹೇಳ್ಕೊಡೋದೇನೂ ಬೇಡ ಕಣೇ. ನಿಮಗೆಲ್ಲ ನಾನೇ ಪಾಠ ಮಾಡಿದ್ದು, ನೆನಪಿದೆಯಾ? ಮುಖ ತೊಳ್ಕೊಳ್ಳಿ, ಏನೂ ಹಚ್ಚಬೇಡಿ, ಒಂದು ಗಂಟೆ ಬಿಟ್ಟು ತೆಳು ಕಾಗದ ಒತ್ತಿ ನೋಡಿ. ಕಾಗದದ ತುಂಬಾ ಜಿಡ್ಡಾದ್ರೆ ಜಿಡ್ಡು ಚರ್ಮ. ಹಣೆ ಮೂಗಿನ ಗುರುತು ಮಾತ್ರ ಬಿದ್ರೆ ಎರಡೂ ಬೆರೆತಿರೋದು. ಏನೂ ಬೀಳದೆ ಕೆನ್ನೆ ಬಿಗೀತಿದ್ರೆ ಒಣ ಚರ್ಮ. ಮುಟ್ಟಿದ್ದಕ್ಕೇ ಕೆಂಪಾಗಿ ಉರಿದ್ರೆ ಅದು ಮುನಿಸಿನ ಚರ್ಮ. ಅದರ ಹತ್ರ ಪರಿಮಳದ ಸೋಪು ಸುಳೀಬಾರದು. ನಿನ್ನ ಕ್ಲಾಸಿನ ಆ ಬ್ರೆಂಟನ್ ಒತ್ತಿದ ಕಾಗದ ಅಬ್ಬಾ! ಕರಿದ ಮೀನು ಸುತ್ತಿಕೊಟ್ಟ ಕಾಗದವೇ ಸೈ, ಆ ಕಡೆ ಹಿಡಿದ್ರೆ ಈ ಕಡೆ ಕಾಣ್ತಿತ್ತು. ಆಮೇಲೆ ಮೊಡವೆ ಶುರುವಾಯ್ತು ಅವನಿಗೆ. ದಿನಕ್ಕೆ ಹತ್ತು ಸಲ ಮುಖ ಉಜ್ಜೋನು. "ಅದೇನು ಬಾಣಲೆಯೇನೋ? ಎರಡು ಸಲ ಮೆತ್ತಗೆ ತೊಳಿ, ಚಿವುಟಬೇಡ" ಅಂದೆ. ಕೇಳಿದ ನೋಡು, ಮದುವೆ ಫೋಟೋದಲ್ಲಿ ಎಷ್ಟು ಲಕ್ಷಣವಾಗಿದ್ದ!

ನೀನು? ನಿಂಗೆ ಮೊಣಕೈ ಮಡಿಕೆಯಲ್ಲಿ ಇಸುಬು. ಕೆರೆದು ಕೆರೆದು ರಕ್ತ. ಈಜು ಮುಗಿಸಿ ಬಂದ ತಕ್ಷಣ, ಮೈ ಒದ್ದೆ ಇರೋವಾಗಲೇ ಮುಲಾಮು ಹಚ್ಚಬೇಕು ಅಂತ ನಾನು ಟವೆಲ್ ಹಿಡ್ಕೊಂಡು ಕೊಳದ ಸುತ್ತ ನಿನ್ನ ಹಿಂದೆ ಓಡ್ತಿದ್ದೆ… ನೆನಪಿದೆಯಾ? ಎಲ್ಲಿ, ಕೈ ತೋರಿಸು. ವಾಸಿಯಾಗಿದೆ! ಕಲೆ ಕೂಡ ಇಲ್ಲ. ಒಳ್ಳೇದಾಯ್ತಮ್ಮ… ನಿಜವಾಗ್ಲೂ ಒಳ್ಳೇದಾಯ್ತು.

ಕಾಲಾ? ನೋಡ್ಕೋ. ಯಾಕೆ ಹುಬ್ಬು ಏರಿಸ್ತೀಯ? ಫ್ರಾಕು ಹಾಕೋರ ಕಾಲು ಕಂದಾಗದೆ ಇರುತ್ತಾ? ಮೊಣಕಾಲಿನ ಮೇಲೂನಾ… ಅದು, ತೋಟದಲ್ಲಿ ಕೂತು ಕಳೆ ಕೀಳ್ತೀನಲ್ಲ, ಫ್ರಾಕು ಸ್ವಲ್ಪ ಮೇಲಾಗುತ್ತೆ. ಇನ್ನೂ ಮೇಲೆ… ಗಾಳಿ ಇರುತ್ತಪ್ಪ ಸಮುದ್ರದ ಕಡೆಯಿಂದ! ಮುಂದಕ್ಕೆ ಹೋಗು.

ಬೇಗ ಆ ಮಚ್ಚೆ ನೋಡ್ಬಾರದಾ? ಮೂರು ವಾರದಿಂದ ಊಟ ಸೇರ್ತಿಲ್ಲ ಕಣೇ. ಕೈಗೆ ಸಿಗುತ್ತೆ, ಕಣ್ಣಿಗೆ ಸಿಗಲ್ಲ. ಎರಡು ಕನ್ನಡಿ ಹಿಡ್ಕೊಂಡು ತಿರುಗಿ ನೋಡೋಕೆ ಹೋಗಿ ಸ್ನಾನದ ತೊಟ್ಟಿಯೊಳಗೆ ಬಿದ್ದೆ. ಕಾಲು ಮೇಲೆ, ತಲೆ ಕೆಳಗೆ! ಪಪಾಯಿ ಮುಲಾಮು ಹಚ್ಚಿದೆ. ನೆನೆಸಿದ ಟೀ ಚೀಲ ಇಟ್ಕೊಂಡು ಮೂರು ಗಂಟೆ ಬೋರಲು ಮಲಗಿದೆ… ನಗು, ನಗು. ಊರಿಗೆಲ್ಲ ಬುದ್ಧಿ ಹೇಳೋಳು, "ಹೊಸ ಮಚ್ಚೆ ಬಂದ್ರೆ ಅವತ್ತೇ ಡಾಕ್ಟರಿಗೆ ತೋರಿಸಿ" ಅಂತ ಅಂದೋಳು, ಟೀ ಚೀಲ ಇಟ್ಕೊಂಡೆ. ಹೆದರಿಕೆ ಜಿನಾ. ಬರೀ ಹೆದರಿಕೆ.

ಅದೂ ಈ ವಾರ! ಶುಕ್ರವಾರ ಮೈದಾನದ ಹೊಸ ಚಪ್ಪರ ಉದ್ಘಾಟನೆ. "ನೋರೀನ್ ಹಾರ್ಟಿಗನ್ ನೆರಳು" ಅಂತ ನನ್ನ ಹೆಸರೇ, ಇಷ್ಟು ದೊಡ್ಡ ಅಕ್ಷರದಲ್ಲಿ. ಕಮಿಟಿ ಅಧ್ಯಕ್ಷೆ ನೀನೇ, ಭಾಷಣ ನಿಂದೇ. ಬಿಸಿಲಿಂದ ಊರ ಮಕ್ಕಳನ್ನ ಕಾಪಾಡಿದೋಳಿಗೇ ಬಿಸಿಲು ತರೋ ಚರ್ಮದ ಕ್ಯಾನ್ಸರ್ ಅಂತಾದ್ರೆ… ಆ ಬೌಲ್ಸ್ ಕ್ಲಬ್ಬಿನ ಹೆಂಗಸರು ಕೇಕು ತಿನ್ನೋದು ಬಿಟ್ಟು ನನ್ನನ್ನೇ ತಿಂದುಬಿಡ್ತಾರೆ!

ಭುಜ… ಹೂಂ, ಭುಜವೂ ಕಂದು. ಕಿಟಕಿ ಪಕ್ಕ ಕೂತು ಹೊಲೀತೀನಿ, ಗಾಜಿನ ಮೂಲಕ ಬರುತ್ತೆ ಬಿಸಿಲು. ಹೊಟ್ಟೆನಾ? ಹೊಟ್ಟೆ ಯಾಕೆ ಈಗ! …ಅದು ಹುಟ್ಟುಬಣ್ಣ. ನಮ್ಮಜ್ಜಿ ಕಡೆಯವರು ಸ್ವಲ್ಪ ಕಂದು. ಮುಖ ಯಾಕೆ ಬೆಳ್ಳಗೆ ಅಂದ್ರೆ… ಮುಖ ನಮ್ಮಪ್ಪನ ಕಡೆ! ಹಾಗೆ ನೋಡ್ಬೇಡ. ಬರ್ಕೋ, ಬರ್ಕೋ, ನಿನ್ನ ಕಾಗದದಲ್ಲಿ ಏನು ಬೇಕಾದ್ರೂ ಬರ್ಕೋ.

ತಿರುಗಲಾ? …ಸರಿ. ತಿರುಗಿದೆ. ಕಂಡ್ತಾ? ಅದೇ. ತಣ್ಣಗಿದೆಯಮ್ಮ ನಿನ್ನ ಗಾಜು! …ಯಾಕೆ ಇಷ್ಟು ಹೊತ್ತು? ಜಿನಾ? ಕೆಟ್ಟದ್ದಾ? ನೇರವಾಗಿ ಹೇಳಿಬಿಡು, ನಾನು ತಡ್ಕೋತೀನಿ… ಇಲ್ಲ, ತಡ್ಕೊಳ್ಳಲ್ಲ, ನಿಧಾನವಾಗಿ ಹೇಳು. ತಲೆ ಅಲ್ಲಾಡಿಸ್ತಿದ್ದೀಯ. ಅಲ್ವಾ? ಅಲ್ಲವೇ ಅಲ್ಲ? ಯಾವ ಚಿತ್ರ… ಇದಾ? "ವಯಸ್ಸಾದಂತೆ ಬರುವ ಕಂದು ಗಂಟು. ಅಪಾಯವಿಲ್ಲ." ಅಪಾಯವಿಲ್ಲ! ಅಯ್ಯೋ ನನ್ನ ಕಂದಾ, ನನ್ನ ಬಂಗಾರ! ಬಾ ಇಲ್ಲಿ, ಒಂದು ಮುತ್ತು ಕೊಡ್ತೀನಿ!

ಹೋಗಿದ್ದ ಜೀವ ಬಂತು. ಎಲ್ಲಿ ನನ್ನ ಫ್ರಾಕು? ಹೊರಡ್ತೀನಿ.

…ಯಾಕೆ ಫ್ರಾಕು ಹಿಡ್ಕೊಂಡು ನಿಂತಿದ್ದೀಯ? ಕೊಡೇ. ಮಚ್ಚೆ ಒಳ್ಳೇದು ಅಂದ್ಯಲ್ಲ. ಇನ್ನೇನು ಹುಡುಕ್ತಿದ್ದೀಯ? ಭುಜದ ಮೇಲೆ ಬೆರಳಿಂದ ಗೆರೆ ಎಳೀತೀಯ… ಬೆನ್ನಿಗೆ ಅಡ್ಡ… ಸೊಂಟದ ಸುತ್ತ…

ಓ.

ಈಜುಡುಗೆ ಪಟ್ಟಿಯ ಬಿಳಿ ಗೆರೆನಾ? …ಇರುತ್ತೆ ನೋಡು, ಅಲ್ಲೇ ಎಲ್ಲೋ. ಮಾಸಿಹೋಗಿರಬೇಕು. ಈಜುಡುಗೆ ಹಳೇದು, ಬಟ್ಟೆ ತೆಳು… ಜಿನಾ, ಹಾಗೆ ಸುಮ್ಮನೆ ನಿಲ್ಲಬೇಡ. ಏನಾದ್ರೂ ಕೇಳು! ಕೇಳಿದ್ರೆ ಸುಳ್ಳು ಹೇಳಬಹುದು. ನೀನು ಬರೀ ಕಣ್ಣು ಬಿಟ್ಟುಕೊಂಡು ನಿಂತ್ರೆ ನಾನೇನು ಹೇಳಲಿ!

…ನಮ್ಮ ಹಿತ್ತಲಲ್ಲಿ, ನೀರಿನ ಟ್ಯಾಂಕಿಗೂ ಮಾವಿನ ಮರಕ್ಕೂ ಮಧ್ಯೆ. ಒಂದು ಟವೆಲ್ ಹಿಡಿಯೋಷ್ಟು ಜಾಗ. ಭಾನುವಾರ ಭಾನುವಾರ. ಇಪ್ಪತ್ತೆರಡನೇ ವಯಸ್ಸಿಂದ… ಮೈಗೆಲ್ಲ ಕೊಬ್ಬರಿ ಎಣ್ಣೆ. ಸನ್‌ಸ್ಕ್ರೀನ್ ಅಲ್ಲ, ಎಣ್ಣೆ! ಹೂಂ, ಬಾಣಲೆ ಬ್ರೆಂಟನ್ ಮುಖ ಅಲ್ಲ, ನನ್ನ ಮೈಯೇ. ವಾರ ಪೂರ್ತಿ ಶಿಸ್ತು, ಕತ್ತಿನವರೆಗೂ ಗುಂಡಿ. ಆ ಒಂದು ಗಂಟೆ ನಾನು ಯಾರ ಮಿಸ್ಸೂ ಅಲ್ಲ. ನಮ್ಮ ಯಜಮಾನರು ಡೆಸ್ ಇದ್ದಾಗ ಗೇಟಿನ ಹತ್ರ ಪೇಪರ್ ಓದ್ತಾ ಕೂರೋರು, ಯಾರಾದ್ರೂ ಬಂದ್ರೆ ಶಿಳ್ಳೆ. ಅವರು ಹೋದ ಮೇಲೆ… ಪಕ್ಕದ ಮನೆ ಕಾಕಟೂ ಗಿಳಿ ಆ ಶಿಳ್ಳೆ ಕಲಿತುಬಿಟ್ಟಿದೆ ಕಣೇ. ಹಾಳಾದ ಹಕ್ಕಿ ಶಿಳ್ಳೆ ಹೊಡೆದಾಗೆಲ್ಲ ಟವೆಲ್ ಎಳ್ಕೊಂಡು ಏಳ್ತೀನಿ. ಆಮೇಲೆ ಹಾಗೇ ಕೂತು ಅವರನ್ನ ನೆನೆಸ್ಕೋತೀನಿ.

ಆದ್ರೆ ಕೇಳು. ಒಂದು ಮಾತು. ನಾನು ನಿಯಮ ಮುರಿದಿಲ್ಲ! ಮುಖ ನೋಡಿದ್ಯಲ್ಲ, ಹಾಲು ಹಾಲು! ಮೈ ಮೇಲೆ ಬೇರೇನೂ ಇಲ್ಲದಿದ್ರೂ… ತಲೆ ಮೇಲೆ ಟೋಪಿ ಇತ್ತು ಕಣೇ! ಅಗಲ ಅಂಚಿನದ್ದು! ಒಂದೇ ಒಂದು ದಿನ ಬಿಟ್ಟಿಲ್ಲ!

ಭುಜ ಕುಣೀತಿದೆ ನಿಂದು. ಜೋರಾಗಿ ನಕ್ಕುಬಿಡು, ಹೊಟ್ಟೆ ನೋಯುತ್ತೆ.

ಏನು… ಸ್ಟೂಲು ಯಾಕೆ ಎಳ್ಕೊಂಡು ಹೋಗ್ತಿದ್ದೀಯ? ಮೂಲೆಗೆ… ಕಿಟಕಿ ಬಿಸಿಲು ಬೀಳದ ಮೂಲೆಗೆ. ಬೆರಳು ತೋರಿಸ್ತಿದ್ದೀಯ. ಥೇಟ್ ನಾನು ತೋರಿಸ್ತಿದ್ದ ಹಾಗೇ.

…ಆ ಓಟದ ಫೈನಲ್ ದಿನ. ನಿನ್ನ ಟೋಪಿ ಗಾಳಿಗೆ ಕಬ್ಬಿನ ಗದ್ದೆಗೆ ಹಾರಿಹೋಗಿತ್ತು. ನೀನು ಹೇಳ್ಲಿಲ್ಲ, ನಾನು ಕೇಳ್ಲಿಲ್ಲ. ಬೆಂಚಲ್ಲಿ ಕೂರಿಸಿದೆ. ನೀನೇ ಗೆಲ್ತಿದ್ದೆ ಅಂತ ನಂಗೆ ಗೊತ್ತಿತ್ತು. ಮಾರನೇ ದಿನ ಆ ಟೋಪಿ ಸಿಕ್ತು… ತಪ್ಪಾಯ್ತು ಕಣೇ. ಮೂವತ್ತು ವರ್ಷದಿಂದ ಹೇಳಬೇಕು ಅಂತಿದ್ದೆ. ತಪ್ಪಾಯ್ತು.

ಶುಕ್ರವಾರ ಭಾಷಣದಲ್ಲಿ ಇದೆಲ್ಲ… ಹೇಳಲ್ಲ ತಾನೇ? ಟ್ಯಾಂಕಿನ ವಿಷಯ? ಜಿನಾ? …ಕಣ್ಣು ಬಿಡಬೇಡ್ವೇ!

ಸರಿ, ಸರಿ. ಕೂರ್ತೀನಿ. ಗೌನು ಸರಿ ಮಾಡ್ಕೊಂಡು ಕೂರ್ತೀನಿ. ಎಷ್ಟು ಹೊತ್ತು?

ಬಿಡುವು ಪೂರ್ತಿನಾ?

…ಆಯ್ತು, ಮಿಸ್.